ಹಕ್ಕಿಗಳ ಹೆಸರಿನಲ್ಲಿ ಹಣ ಎತ್ತುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಕ್ಕಿಗಳ ಮತ್ತು ಕಾಡುಪ್ರಾಣಿಗಳ ಉಳಿವಿಗಾಗಿ ಸ್ವಯಂಸೇವಕರಾಗಿ ದುಡಿಯುತ್ತಿರುವವರಿಂದಲೂ ದುಡಿಯಬೇಕೆಂದು ಹಂಬಲಿಸುತ್ತಿರುವವರಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ. ಬರೆದವರ ಹೆಸರು, ಊರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ಹಕ್ಕಿ ವೀಕ್ಷಣೆಯ ಹವ್ಯಾಸವುಳ್ಳ ನಾವು ಹನ್ನೆರಡು ಮಂದಿ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ಹಕ್ಕಿಗಳ ಸಂರಕ್ಷಣೆಗಾಗಿ ನಿಧಿ ಸಂಗ್ರಹಿಸಬೇಕೆಂದಿದ್ದೇವೆ. ಕರಪತ್ರದಿಂದ ಆರಂಭಿಸುವುದೋ, ಸಭೆ ಕರೆಯುವುದೋ?

ಸದ್ಯಕ್ಕೆ ಎರಡೂ ಬೇಡ. ‘ಹಕ್ಕಿಗಳ ಸಂರಕ್ಷಣೆಗಾಗಿ’ ಎಂಬ ಮಾತಿನೊಳಗೆ ನಾಲ್ಕು ಪ್ರಶ್ನೆಗಳು ಅಡಗಿವೆ: ಯಾವ ಹಕ್ಕಿ, ಯಾವ ನೆಲೆ, ಅದಕ್ಕೆ ಬಂದಿರುವ ಕಷ್ಟವೇನು, ಆ ಕಷ್ಟ ಹಣದಿಂದ ಪರಿಹಾರವಾಗುವಂಥದ್ದೇ? ಈ ನಾಲ್ಕಕ್ಕೂ ಒಂದು ಹಾಳೆಯಲ್ಲಿ ಹಿಡಿಸುವಷ್ಟು ಸ್ಪಷ್ಟವಾದ ಉತ್ತರವನ್ನು ನಿಮ್ಮ ಹನ್ನೆರಡು ಮಂದಿಯೂ ಒಪ್ಪಿ ಬರೆಯುವವರೆಗೆ ರಸೀದಿ ಪುಸ್ತಕವನ್ನು ಅಚ್ಚು ಹಾಕಿಸಬೇಡಿ.

ಮೂರನೆಯ ಪ್ರಶ್ನೆಯಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥವಾಗುತ್ತದೆ ಎಂಬುದಕ್ಕೆ ರಣಹದ್ದುಗಳ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1990ರ ದಶಕದಲ್ಲಿ ಭಾರತ ಉಪಖಂಡದ ರಣಹದ್ದುಗಳು ಕಣ್ಣೆದುರಿಗೇ ಖಾಲಿಯಾಗತೊಡಗಿದಾಗ ಆಹಾರದ ಕೊರತೆಯಿರಬಹುದು, ಗೂಡುಕಟ್ಟುವ ಮರಗಳು ಹೋಗಿರಬಹುದು, ಯಾವುದೋ ಸೋಂಕು ತಗುಲಿರಬಹುದು ಎಂಬ ಊಹೆಗಳು ಹರಿದಾಡಿದವು. ದನಗಳ ನೋವು, ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡವನ್ನು ಕೆಡಿಸುತ್ತಿದೆ ಎಂಬುದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ, ಪಾಕಿಸ್ತಾನ, ನೇಪಾಳಗಳು ಪಶುವೈದ್ಯಕೀಯ ಡೈಕ್ಲೋಫೆನಾಕ್‌ಗೆ ತಡೆ ಹಾಕಿದವು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದಿನ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಪಾಲು ಅಳಿದಿತ್ತು. ಈ ಕಾರಣ ತಿಳಿಯುವ ಮುನ್ನ ಯಾರಾದರೂ ಉದಾರವಾಗಿ ಚಂದಾ ಎತ್ತಿ, ಸಿಕ್ಕಸಿಕ್ಕ ಸತ್ತ ದನಗಳನ್ನು ತಂದು ಹದ್ದುಗಳಿಗೆ ಹಾಕಿದ್ದರೆ ಆ ಹಣ ವಿಷ ಉಣಿಸುವುದಕ್ಕೆ ಖರ್ಚಾಗುತ್ತಿತ್ತು. ಕಾರಣ ತಿಳಿದ ಮೇಲೆ ನೇಪಾಳದ ಪಿಠೌಲಿಯ ಗ್ರಾಮಸ್ಥರು ಮಾಡಿದ್ದನ್ನು ನೋಡಿ: ಮುದಿಯಾದ ದನಗಳನ್ನು ಪಡೆದು, ಆ ಔಷಧವನ್ನು ಸೋಂಕಿಸದೆ, ಸಹಜವಾಗಿ ಸಾಯುವವರೆಗೆ ಸಾಕಿ, ಆಮೇಲೆ ಹದ್ದುಗಳಿಗೆ ಇಟ್ಟರು. ದನವನ್ನು ಹಾಕುವ ಕೆಲಸವೇನೋ ಒಂದೇ; ಕಾರಣ ಗೊತ್ತಿದ್ದದ್ದರಿಂದ ಅದರ ಫಲ ತಲೆಕೆಳಗಾಯಿತು.

ಕಷ್ಟವನ್ನು ಗುರುತಿಸಿದ ಮೇಲೆ ಕೆಲಸವನ್ನು ಹೆಸರಿಸಿ. ಸೆಶೆಲ್ಸ್‌ನ ಕಸಿನ್ ದ್ವೀಪದಲ್ಲಿ ಒಂದು ಪುಟ್ಟ ಉಲಿಯಕ್ಕಿ ಮೂವತ್ತಕ್ಕಿಂತ ಕಡಿಮೆ ಸಂಖ್ಯೆಗೆ ಇಳಿದಿದ್ದ ಕಾಲದಲ್ಲಿ, ಹಕ್ಕಿಗಳ ಸಂರಕ್ಷಣೆಗೆ ದುಡಿಯುವ ಇಂದಿನ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್‌ನ ಪೂರ್ವಸಂಸ್ಥೆಯು ಜನರಿಂದ ಹಣ ಬೇಡಿ 1968ರಲ್ಲಿ ಆ ದ್ವೀಪವನ್ನೇ ಕೊಂಡಿತು. ‘ಈ ದ್ವೀಪ, ಈ ಹಕ್ಕಿ’ ಎಂದು ಬೆರಳು ಮಾಡಿ ತೋರಿಸಲು ಸಾಧ್ಯವಿದ್ದುದರಿಂದ ಕೊಡುವವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆಂಬುದು ತಿಳಿದಿತ್ತು. ಆದರೆ ಕೊಂಡ ಮರುದಿನ ಹಕ್ಕಿಗಳೇನೂ ಹೆಚ್ಚಲಿಲ್ಲ. ದ್ವೀಪವನ್ನು ಆವರಿಸಿದ್ದ ತೆಂಗಿನ ತೋಟವನ್ನು ಹಿಂದೆ ಸರಿಸಿ ಮೂಲ ಕಾಡು ಮತ್ತೆ ಬೆಳೆಯುವಂತೆ ಮಾಡಿ, 1988ರಿಂದ ಮುಂದಕ್ಕೆ ಬೇರೆ ದ್ವೀಪಗಳಿಗೂ ಹಕ್ಕಿಗಳನ್ನು ಒಯ್ದು ಬಿಟ್ಟದ್ದರಿಂದ ಇಂದು ಐದು ದ್ವೀಪಗಳಲ್ಲಿ ಅವು ಸಾವಿರಗಳ ಲೆಕ್ಕದಲ್ಲಿವೆ. ಆದುದರಿಂದ ನಿಮ್ಮ ಹಾಳೆಯಲ್ಲಿ ಕೊಳ್ಳುವ ಖರ್ಚಿನ ಪಕ್ಕದಲ್ಲೇ ನಂತರದ ವರ್ಷಗಳ ಪಾಲನೆಯ ಖರ್ಚೂ ಇರಲಿ. ಹೊಸ ಬಳಗಗಳು ಸಾಮಾನ್ಯವಾಗಿ ಮರೆಯುವ ಸಾಲು ಅದೇ.

ಪ್ರಶ್ನೆ: ಪ್ರಾಯೋಜಿತ ‘ಬರ್ಡ್ ರೇಸ್’ ನಡೆಸಿ ಹಣ ಕೂಡಿಸಬಹುದೆಂದು ಕೇಳಿದ್ದೇವೆ. ಇದು ಹೇಗೆ ನಡೆಯುತ್ತದೆ? ಹಕ್ಕಿಗಳಿಗೆ ತೊಂದರೆಯಾಗುವುದಿಲ್ಲವೇ?

ತಂಡವೊಂದು ಗೊತ್ತುಪಡಿಸಿದ ಅವಧಿಯಲ್ಲಿ, ಸಾಮಾನ್ಯವಾಗಿ ಒಂದು ದಿನದಲ್ಲಿ, ಎಷ್ಟು ಪ್ರಭೇದದ ಹಕ್ಕಿಗಳನ್ನು ಕಾಣುತ್ತದೆಯೋ ಅಷ್ಟಕ್ಕೂ ಪ್ರಭೇದಕ್ಕೆ ಇಂತಿಷ್ಟೆಂದು ಪರಿಚಿತರು ಮೊದಲೇ ವಾಗ್ದಾನ ಮಾಡಿರುತ್ತಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1984ರಲ್ಲಿ ಆರಂಭವಾದ ಇಂಥ ಸ್ಪರ್ಧೆ ಒಂದು ನಡುರಾತ್ರಿಯಿಂದ ಮರು ನಡುರಾತ್ರಿಯವರೆಗೆ ನಡೆಯುತ್ತದೆ. ಈ ಪದ್ಧತಿಯ ಒಳ್ಳೆಯ ಗುಣವೆಂದರೆ, ಹಕ್ಕಿಗಳ ವಿಷಯವನ್ನೇ ಎಂದೂ ಆಡದ ನೆಂಟರು, ಸಹೋದ್ಯೋಗಿಗಳು ಕೂಡ ಮರುದಿನ ‘ಎಷ್ಟಾಯಿತು?’ ಎಂದು ಕೇಳುತ್ತಾರೆ. ಕೆಟ್ಟ ಗುಣವೂ ಅಲ್ಲಿಯೇ ಇದೆ: ಎಣಿಕೆಗೆ ಹಣ ಅಂಟಿಕೊಂಡಾಗ ಕಣ್ಣಿಗೆ ಆಸೆ ಹತ್ತುತ್ತದೆ. ಪೊದೆಯಲ್ಲಿ ಅಡಗಿರುವ ಹಕ್ಕಿಯನ್ನು ಹೊರಗೆಳೆಯಲು ಮೊಬೈಲಿನಲ್ಲಿ ಅದರ ಕೂಗನ್ನು ಮತ್ತೆ ಮತ್ತೆ ನುಡಿಸುವುದು, ಗೂಡಿನ ಬಳಿಗೆ ಹೋಗುವುದು, ರಾತ್ರಿ ಗೂಬೆಯ ಮುಖಕ್ಕೆ ಟಾರ್ಚ್ ಹಿಡಿಯುವುದು ಇವೆಲ್ಲ ಆಗ ಶುರುವಾಗುತ್ತವೆ. ಈ ಮೂರನ್ನೂ ನಿಯಮಾವಳಿಯಲ್ಲಿ ನಿಷೇಧಿಸಿ, ಗೂಡಿನ ಮೇಲಿರುವ ಹಕ್ಕಿಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲವೆಂದು ಸಾರಿದರೆ ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಕಂಡ ಹಕ್ಕಿಯನ್ನು ತಂಡದ ಕನಿಷ್ಠ ಇಬ್ಬರಾದರೂ ಗುರುತಿಸಿರಬೇಕೆಂಬ ನಿಯಮವಿದ್ದರೆ ಪಟ್ಟಿಯ ಮೇಲೆ ನಂಬಿಕೆ ಉಳಿಯುತ್ತದೆ.

ವಾಗ್ದಾನಗಳನ್ನು ವಾರದೊಳಗೆ ವಸೂಲು ಮಾಡಿ. ತಿಂಗಳು ಕಳೆದರೆ ಕೊಡುವವರಿಗೂ ಮರೆತಿರುತ್ತದೆ, ಕೇಳುವವರಿಗೂ ಸಂಕೋಚ.

ವಸ್ತುಗಳನ್ನು ಮಾರಿ ಹಣ ಕೂಡಿಸುವ ವಿಚಾರವನ್ನೂ ಕೆಲವರು ಕೇಳಿದ್ದಾರೆ. ನಾನು ಸೇರಿದ್ದ ಒಂದು ಬಳಗ ಹಕ್ಕಿಗಳ ಚಿತ್ರವಿರುವ ಕ್ಯಾಲೆಂಡರ್ ಅಚ್ಚು ಹಾಕಿಸಿತ್ತು. ಚಿತ್ರಗಳ ಆಯ್ಕೆಯ ಬಗ್ಗೆ ನಾವು ನಾವೇ ಕಾದಾಡಿ ಮುಗಿಸುವ ಹೊತ್ತಿಗೆ ಡಿಸೆಂಬರ್ ಕಳೆದಿತ್ತು, ಮುದ್ರಣಾಲಯದಿಂದ ಕಟ್ಟುಗಳು ಬರುವಾಗ ಜನವರಿಯ ಮೂರನೆಯ ವಾರ. ಫೆಬ್ರವರಿಯಲ್ಲಿ ಕ್ಯಾಲೆಂಡರ್ ಕೊಳ್ಳುವವರಾರು? ಮುಂದಿನ ಎರಡು ವರ್ಷ ನಮ್ಮ ಖಜಾಂಚಿಯ ಮನೆಯ ಮಕ್ಕಳ ಪುಸ್ತಕಗಳಿಗೆಲ್ಲ ಮಿಂಚುಳ್ಳಿಯ ರಟ್ಟು ಇತ್ತು. ಮುಂಗಡ ಬಂದಷ್ಟೇ ಪ್ರತಿ ಅಚ್ಚು ಹಾಕಿಸಿ ಎಂಬುದು ಆ ಕಟ್ಟುಗಳಿಂದ ಕಲಿತದ್ದು.

ಪ್ರಶ್ನೆ: ನಾವು ಕೊಟ್ಟ ದೇಣಿಗೆಯಲ್ಲಿ ಒಂದು ಪಾಲು ಕಾವಲುಗಾರರ ಸಂಬಳಕ್ಕೂ ಓಡಾಟಕ್ಕೂ ಹೋಗಿದೆ ಎಂದು ತಿಳಿದು ಬೇಸರವಾಯಿತು. ಹಣವೆಲ್ಲ ಹಕ್ಕಿಗೇ ಸಲ್ಲಬೇಕಲ್ಲವೇ?

ಹಕ್ಕಿಗೆ ಹಣ ಸಲ್ಲುವುದು ಮನುಷ್ಯರ ಕೈಯ ಮೂಲಕವೇ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಬೆಟ್ಟದ ಏಣಿನಲ್ಲಿ ಪ್ರತಿ ಶರತ್ಕಾಲದಲ್ಲೂ ವಲಸೆ ಹೋಗುವ ಗಿಡುಗಗಳನ್ನು ಮೋಜಿಗಾಗಿ ಗುಂಡಿಕ್ಕಿ ಕೊಲ್ಲುತ್ತಿದ್ದರು. ರೋಸಲಿ ಎಡ್ಜ್ ಎಂಬ ಮಹಿಳೆ 1934ರಲ್ಲಿ ಆ ಬೆಟ್ಟದ ಸುಮಾರು 1,400 ಎಕರೆ ಜಾಗವನ್ನು ಗುತ್ತಿಗೆಗೆ ಪಡೆದು, ಮುಂದೆ ಹಣ ಕೂಡಿಸಿ ಕೊಂಡರು. ಅದೇ ಇಂದಿನ ಹಾಕ್ ಮೌಂಟನ್ ಧಾಮ. ಆದರೆ ಗುಂಡಿನ ಸದ್ದನ್ನು ನಿಲ್ಲಿಸಿದ್ದು ಗುತ್ತಿಗೆ ಪತ್ರವಲ್ಲ. ಅವರು ಕಾವಲಿಗೆ ನೇಮಿಸಿದ ಮಾರಿಸ್ ಬ್ರೌನ್ ಮತ್ತು ಅವರ ಪತ್ನಿ ಇರ್ಮಾ ದಾರಿಯಲ್ಲಿ ನಿಂತು, ಬಂದೂಕು ಹಿಡಿದು ಬಂದವರನ್ನು ದಿನವೂ ಹಿಂದಕ್ಕೆ ಕಳಿಸಿದ್ದು. ಕಾವಲುಗಾರನ ಸಂಬಳವನ್ನು ‘ಆಡಳಿತ ವೆಚ್ಚ’ ಎಂದು ಕರೆದು ಮೂಗು ಮುರಿಯುವುದು ತಪ್ಪು, ಅನೇಕ ಕಡೆ ಅದೇ ಸಂರಕ್ಷಣೆ.

ನಿಮ್ಮ ಬೇಸರದಲ್ಲಿ ನ್ಯಾಯವೂ ಇದೆ. ಸಂಬಳ ಕೊಟ್ಟದ್ದಕ್ಕಿಂತ, ಕೊಡುತ್ತೇವೆಂದು ಕೇಳುವಾಗಲೇ ಹೇಳದಿದ್ದುದು ತಪ್ಪು. ಹಣ ಕೇಳುವ ಕರಪತ್ರದಲ್ಲೇ ಪಾಲುಗಳನ್ನು ಬರೆದಿದ್ದರೆ ನೀವು ಒಪ್ಪಿ ಕೊಡುತ್ತಿದ್ದಿರಿ, ಇಲ್ಲವೇ ಕೊಡದೆ ಇರುತ್ತಿದ್ದಿರಿ. ಎರಡೂ ಮರ್ಯಾದೆಯ ಸಂಗತಿಗಳೇ.

ಲೆಕ್ಕದ ವಿಚಾರ ಬಂದುದರಿಂದ ಕಾಣಿಕೆ ಡಬ್ಬಿಯ ಬಗ್ಗೆಯೂ ಹೇಳಬೇಕು. ಡಬ್ಬಿಯ ಮುಚ್ಚಳದ ಸಂದಿಗೆ ಕಾಗದ ಅಂಟಿಸಿ, ಆ ಕಾಗದದ ಮೇಲೆ ಇಬ್ಬರು ಸಹಿ ಮಾಡಿ, ತೆರೆಯುವ ದಿನ ಆ ಇಬ್ಬರೂ ಇನ್ನೊಬ್ಬರೂ ಕೂತು ನೋಟು, ನಾಣ್ಯಗಳನ್ನು ಬೇರೆ ಮಾಡಿ ಎಣಿಸಿ, ಮೊತ್ತವನ್ನು ಎದ್ದೇಳುವ ಮೊದಲೇ ಪುಸ್ತಕಕ್ಕೆ ಏರಿಸಿ, ಬ್ಯಾಂಕಿಗೆ ಕಟ್ಟಿದ ಚಲನ್ ಅನ್ನು ಅದೇ ಪುಟಕ್ಕೆ ಅಂಟಿಸಿರಬೇಕು. ಹಣವನ್ನು ಯಾರ ವೈಯಕ್ತಿಕ ಖಾತೆಯಲ್ಲಿಯೂ, ಅವರೆಷ್ಟೇ ಪ್ರಾಮಾಣಿಕರಾಗಿದ್ದರೂ, ಒಂದು ರಾತ್ರಿಯ ಮಟ್ಟಿಗೂ ಇಡಬಾರದು. ಇದು ಸಂಶಯದಿಂದ ಹುಟ್ಟಿದ ಕ್ರಮವೆಂದು ಕೆಲವು ಹಿರಿಯರು ನೊಂದುಕೊಳ್ಳುತ್ತಾರೆ. ಮುಂದೊಮ್ಮೆ ಯಾರಾದರೂ ಬೆರಳು ತೋರಿದಾಗ ಆ ಹಿರಿಯರನ್ನು ಕಾಯುವುದೂ ಈ ಕ್ರಮವೇ.

ಪ್ರಶ್ನೆ: ನಾವು ಉಳಿಸಲು ಹೊರಟಿರುವ ಕೆರೆಗೆ ಕೊಳಕು ನೀರು ಬಿಡುತ್ತಿದೆಯೆಂಬ ಅನುಮಾನವಿರುವ ಕಾರ್ಖಾನೆಯೊಂದು ನಮ್ಮ ನಿಧಿಗೆ ದೊಡ್ಡ ಮೊತ್ತ ಕೊಡುವುದಾಗಿ ಹೇಳಿದೆ. ಸ್ವೀಕರಿಸಬಹುದೇ?

ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆಯನ್ನು ನೆನಪಿಸಿಕೊಳ್ಳಿ. ನಿಮ್ಮ ಕೆಲಸವೇ ಆ ಜಂತೆ ಎಣಿಸುವುದಾಗಿರುವಾಗ ಅಲ್ಲಿ ಉಣ್ಣುವುದು ಹೇಗೆ? ಮೊದಲು ಆ ನೀರಿನ ಪರೀಕ್ಷೆಯಾಗಲಿ, ಫಲಿತಾಂಶ ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿ. ಅನುಮಾನ ಸುಳ್ಳಾದರೆ ಆಮೇಲೆ ಯೋಚಿಸಬಹುದು, ನಿಜವಾದರೆ ಅವರು ಮಾಡಬೇಕಾದ ಖರ್ಚು ತಮ್ಮದೇ ಶುದ್ಧೀಕರಣ ಘಟಕದ ಮೇಲಿನದು. ಯಾರಿಂದ ಹಣ ಪಡೆಯುವುದಿಲ್ಲ ಎಂಬುದನ್ನು ಬಳಗದ ನಿಯಮಗಳಲ್ಲಿ ಮೊದಲೇ ಬರೆದಿಟ್ಟುಕೊಂಡರೆ, ಚೆಕ್ಕು ಮೇಜಿನ ಮೇಲೆ ಬಂದು ಕೂತ ಹೊತ್ತಿನಲ್ಲಿ ವಾದ ಮಾಡುವ ಪ್ರಮೇಯ ಬರುವುದಿಲ್ಲ.

ಪ್ರಶ್ನೆ: ಹಕ್ಕಿಗಳು ಗೂಡುಕಟ್ಟುವ ಮರಗಳು ಖಾಸಗಿ ಜಾಗದಲ್ಲಿವೆ. ಹಿಕ್ಕೆ, ವಾಸನೆ, ಗಲಾಟೆಗಳಿಂದ ಮನೆಯವರು ರೋಸಿಹೋಗಿದ್ದಾರೆ. ನಾವು ಜಾಗೃತಿ ಭಾಷಣಗಳನ್ನು ಮಾಡಿದಷ್ಟೂ ಸಿಟ್ಟು ಹೆಚ್ಚುತ್ತಿದೆ. ಏನು ಮಾಡಬೇಕು?

ಭಾಷಣ ನಿಲ್ಲಿಸಬೇಕು. ಬೈನಾಕ್ಯುಲರ್ ತೂಗುಹಾಕಿಕೊಂಡು ಭಾನುವಾರ ಬಂದು ಹೋಗುವವರಿಗೆ ಆ ಹಕ್ಕಿ ಸೌಂದರ್ಯ. ಅಂಗಳ ಗುಡಿಸುವವರಿಗೆ ಅದು ದಿನವೂ ಎರಡು ಬಾರಿಯ ಕೆಲಸ. ಈ ವ್ಯತ್ಯಾಸವನ್ನು ಒಪ್ಪಿಕೊಳ್ಳದೆ ಆಡಿದ ಮಾತು ಯಾರಿಗೂ ರುಚಿಸದು.

ಅಸ್ಸಾಮಿನ ಹರಗಿಲಾ ಎಂಬ ದೈತ್ಯ ಕೊಕ್ಕರೆಯ ವಿಷಯದಲ್ಲಿ ನಡೆದದ್ದು ಇದೇ. ಕೊಳೆತ ಮಾಂಸವನ್ನು ತಂದು ಮರಿಗಳಿಗೆ ಉಣಿಸುವ, ಬೋಳು ತಲೆಯ ಈ ಹಕ್ಕಿಯನ್ನು ಅಪಶಕುನವೆಂದೇ ಜನ ಭಾವಿಸಿದ್ದರು. ಗೂಡುಗಳಿದ್ದ ಮರವನ್ನೇ ಕಡಿದ ಮನೆಯವರನ್ನು ಪ್ರಶ್ನಿಸಹೋದ ಜೀವವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ ಅವರನ್ನು ನೆರೆಹೊರೆಯವರು ಮುತ್ತಿಕೊಂಡು ಹೀಯಾಳಿಸಿದರು. ಅವರು ಆಮೇಲೆ ಹಿಡಿದ ದಾರಿ ಅಂಗಳದ ಹೆಂಗಸರ ಮೂಲಕ ಹಾದುಹೋಯಿತು. ಗೂಡುಕಟ್ಟುವ ಕಾಲದಲ್ಲಿ ಹಕ್ಕಿಗೆ ಸೀಮಂತ ಮಾಡಿದರು, ಗೂಡಿನಿಂದ ಬೀಳುವ ಮರಿಗಳಿಗಾಗಿ ಮರದಡಿ ಬಲೆ ಕಟ್ಟಿದರು, ಮಗ್ಗದ ಬಟ್ಟೆಗಳಲ್ಲಿ ಹರಗಿಲಾದ ಚಿತ್ರ ನೇಯಿಸಿ ಮಾರಾಟಕ್ಕೆ ದಾರಿ ಮಾಡಿಕೊಟ್ಟರು. ‘ಹರಗಿಲಾ ಸೇನೆ’ಯಲ್ಲಿ ಇಂದು ಸಾವಿರಾರು ಮಹಿಳೆಯರಿದ್ದಾರೆ. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಬರ್ಮನ್ ಅವರಿಗೆ ‘ಚಾಂಪಿಯನ್ಸ್ ಆಫ್ ದಿ ಅರ್ಥ್’ ಪ್ರಶಸ್ತಿ ನೀಡಿತು. ನನ್ನ ದೃಷ್ಟಿಯಲ್ಲಿ ಪ್ರಶಸ್ತಿಗಿಂತ ಆ ಸೀಮಂತವೇ ದೊಡ್ಡದು. ಮೊಟ್ಟೆಯಿಟ್ಟು ಮರಿ ಮಾಡಲಿರುವ ಹಕ್ಕಿಯೂ ಬಸುರಿ ಹೆಂಗಸೂ ಒಂದೇ ಎಂಬ ಮಾತನ್ನು ಯಾವ ಭಿತ್ತಿಪತ್ರವೂ ಅಷ್ಟು ಚೆನ್ನಾಗಿ ಹೇಳಲಾರದು.

ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅತ್ತಿ ಜಾತಿಯ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಅಲ್ಲಿ ಮರದಡಿಯ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಆದರೂ ಗೂಡು ತುಂಬಿದ ಮರದಿಂದ ಹುಣಸೆಹಣ್ಣು ಇಳಿಸಲಾಗದೆ ಮಾಲೀಕರಿಗೆ ನಷ್ಟವಾಗುವುದುಂಟು, ಅದಕ್ಕಾಗಿ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡು ಬಂತು. ಊರಿನ ಯುವಕರ ಹೆಜ್ಜಾರ್ಲೆ ಬಳಗವು ಕೆಳಗೆ ಬಿದ್ದ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು ಮೀನು ಕೊಟ್ಟು ಸಾಕಿತು. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ನಿಮ್ಮ ನಿಧಿಯ ಮೊದಲ ಖರ್ಚು ಭಿತ್ತಿಪತ್ರವಾಗದೆ ಮರದಡಿ ಗುಡಿಸುವ ಕೂಲಿಯೋ, ಕೈತಪ್ಪಿದ ಫಸಲಿನ ಪರಿಹಾರವೋ ಆಗಿರಲಿ ಎಂದು ಹೇಳುವುದು ಇದಕ್ಕಾಗಿಯೇ.

ನಷ್ಟದ ಮಾತು ಬೇಟೆಗಾರರಿಗೂ ಅನ್ವಯಿಸುತ್ತದೆ. ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ವಲಸೆಯ ದಾರಿಯಲ್ಲಿ ಇಳಿಯುವ ಅಮುರ್ ಚಾಣಗಳನ್ನು ಬಲೆ ಹಾಕಿ ಭಾರೀ ಸಂಖ್ಯೆಯಲ್ಲಿ ಹಿಡಿದು ಮಾರುತ್ತಿದ್ದುದು 2012ರಲ್ಲಿ ಹೊರಜಗತ್ತಿಗೆ ತಿಳಿಯಿತು. ಮರುವರ್ಷವೇ ಬೇಟೆ ನಿಂತಿತು. ಪಾಂಗ್ಟಿ ಮೊದಲಾದ ಊರುಗಳ ಗ್ರಾಮಸಭೆಗಳು ತಾವೇ ನಿಷೇಧ ಹೇರಿದ್ದೂ ಚರ್ಚುಗಳು ದನಿಗೂಡಿಸಿದ್ದೂ ಇದಕ್ಕೆ ಮುಖ್ಯ ಕಾರಣ. ಆದರೆ ಬಲೆ ಕಳಚಿದವರ ಮನೆಯ ವರ್ಷದ ಆದಾಯದ ದೊಡ್ಡ ಪಾಲು ಆ ಬಲೆಯಲ್ಲಿತ್ತು ಎಂಬುದನ್ನು ಸಂಭ್ರಮದ ವರದಿಗಳು ಒಂದು ಸಾಲಿನಲ್ಲಿ ಮುಗಿಸಿದವು. ಹಣ ಎತ್ತುವ ಬಳಗಗಳು ನೋಡಬೇಕಾದದ್ದು ಆ ಸಾಲನ್ನು.

ಪ್ರಶ್ನೆ: ನಾನು ವಿದ್ಯಾರ್ಥಿ. ಕೊಡಲು ಹಣವಿಲ್ಲ, ವಾರಕ್ಕೆ ಒಂದು ಬೆಳಗ್ಗೆ ಬಿಡುವಿದೆ. ಅದರಿಂದ ಏನಾದೀತು?

ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ಅಷ್ಟೇ ನಿಮಿಷಗಳ ಕಾಲ ಹೋಗಿ ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಬರೆಯಿರಿ. ಅಪರೂಪದ್ದನ್ನಷ್ಟೇ ಬರೆಯಬೇಡಿ, ಕಾಗೆ, ಮೈನಾಗಳನ್ನೂ ಬರೆಯಿರಿ. ಏನೂ ಕಾಣದ ದಿನ ‘ಇಲ್ಲ’ ಎಂದು ಬರೆಯುವುದಕ್ಕೂ ಅಷ್ಟೇ ಬೆಲೆಯಿದೆ. ಅಮೆರಿಕದಲ್ಲಿ 1900ರ ಕ್ರಿಸ್‌ಮಸ್ ದಿನ 27 ಮಂದಿ ಹೀಗೆ ಆರಂಭಿಸಿದ ಎಣಿಕೆ ಇಂದಿಗೂ ನಡೆಯುತ್ತಿದೆ. ಮೇಲೆ ಹೇಳಿದ ಹಾಕ್ ಮೌಂಟನ್‌ನಲ್ಲಿ ಬ್ರೌನ್ 1934ರಿಂದ ಬರೆದಿಟ್ಟ ಗಿಡುಗಗಳ ಲೆಕ್ಕವೇ, ಡಿಡಿಟಿ ಎಂಬ ಕೀಟನಾಶಕದ ಕಾಲದಲ್ಲಿ ಬೋಳು ಹದ್ದುಗಳ (ಬಾಲ್ಡ್ ಈಗಲ್) ಎಳೆಯ ಹಕ್ಕಿಗಳು ಕಡಿಮೆಯಾಗುತ್ತಿವೆ ಎಂಬುದನ್ನು ತೋರಿಸಲು ನೆರವಾಯಿತು. ಬರೆಯುವಾಗ ಅದು ಮುಂದೆ ಯಾವುದಕ್ಕೆ ಬಂದೀತೆಂದು ಅವರಿಗೂ ತಿಳಿದಿರಲಿಲ್ಲ. 2002ರಲ್ಲಿ ಆರಂಭವಾದ ಇ-ಬರ್ಡ್ ತಾಣಕ್ಕೆ ನಿಮ್ಮ ಪಟ್ಟಿಗಳನ್ನು ಸೇರಿಸಿದರೆ ಅವು ಸಂಶೋಧಕರಿಗೂ ಒದಗುತ್ತವೆ. ಗೂಡುಗಳ ನಿಖರ ಸ್ಥಳವನ್ನು ಮಾತ್ರ ಎಲ್ಲಿಯೂ ಹಂಚಿಕೊಳ್ಳಬೇಡಿ.

ಫಲ ಕಾಣಲು ಎಷ್ಟು ಕಾಲ ಬೇಕೆಂದು ಇನ್ನೊಬ್ಬರು ಕೇಳಿದ್ದಾರೆ. ಟೋಪಿಗಳ ಅಲಂಕಾರಕ್ಕಾಗಿ ಹಕ್ಕಿಗಳನ್ನು ಕೊಲ್ಲುವುದರ ವಿರುದ್ಧ ಎಮಿಲಿ ವಿಲಿಯಮ್ಸನ್ 1889ರಲ್ಲಿ ಮ್ಯಾಂಚೆಸ್ಟರ್ ಬಳಿಯ ತಮ್ಮ ಮನೆಯಲ್ಲಿ ಗೆಳತಿಯರನ್ನು ಸೇರಿಸಿದರು. ಇಂದಿನ ಆರ್‌ಎಸ್‌ಪಿಬಿ ಎಂಬ ಬ್ರಿಟನ್ನಿನ ಹಕ್ಕಿ ಸಂರಕ್ಷಣಾ ಸಂಸ್ಥೆಯ ಮೂಲ ಅದು. ಗರಿಗಳ ಆಮದನ್ನು ನಿಷೇಧಿಸುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1921ರಲ್ಲಿ. ನಡುವೆ ಮೂವತ್ತೆರಡು ವರ್ಷ.

ಪ್ರಶ್ನೆ: ಗುಬ್ಬಚ್ಚಿ ಗೂಡುಪೆಟ್ಟಿಗೆಗಳನ್ನು ಹಂಚಲು ದಾನಿಗಳು ಸಿದ್ಧರಿದ್ದಾರೆ. ಹಂಚೋಣವೇ? ನೆಲಕ್ಕೆ ಬಿದ್ದ ಮರಿಗಳನ್ನು ತಂದು ಸಾಕುವ ಕೇಂದ್ರವನ್ನೂ ತೆರೆಯೋಣವೇ?

ಪೆಟ್ಟಿಗೆ ಹಂಚಬಹುದು, ಆದರೆ ಫೋಟೋಗೆ ಚೆನ್ನಾಗಿ ಕಾಣುವ ಕೆಲಸಗಳ ಬಗ್ಗೆ ನನಗೆ ಸ್ವಲ್ಪ ಅಳುಕಿದೆ. ಸುಮಾರು 32 ಮಿಲಿಮೀಟರ್ ಅಗಲದ ತೂತು, ಬಿಸಿಲು ನೇರವಾಗಿ ಬೀಳದ ಗೋಡೆ, ಬೆಕ್ಕು ಏರಲಾಗದ ಎತ್ತರ, ಮರಿಗಳು ಹಾರಿಹೋದ ಮೇಲೆ ಒಳಗನ್ನು ಶುಚಿಗೊಳಿಸುವ ಒಬ್ಬರು: ಇಷ್ಟಿದ್ದರೆ ಪೆಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಗುಬ್ಬಚ್ಚಿ ತನ್ನ ಎಳೆಯ ಮರಿಗಳಿಗೆ ಹುಳುಹುಪ್ಪಟೆಗಳನ್ನೇ ಉಣಿಸುವುದರಿಂದ, ಸುತ್ತ ಗಿಡಗಂಟಿಯಿಲ್ಲದ, ಕೀಟನಾಶಕ ಸಿಂಪಡಿಸುವ ಜಾಗದಲ್ಲಿ ನೂರು ಪೆಟ್ಟಿಗೆ ಹಾಕಿದರೂ ಹಸಿದ ಮರಿಗಳೇ ಸಿಗುತ್ತವೆ.

ಕೇಂದ್ರವನ್ನು ತರಬೇತಿ ಪಡೆದವರೂ ಪಶುವೈದ್ಯರೂ ಇಲ್ಲದೆ, ಸ್ಥಳೀಯ ಕಾನೂನಿನ ಅನುಮತಿಯಿಲ್ಲದೆ ತೆರೆಯಬೇಡಿ. ನೆಲದ ಮೇಲೆ ಕುಪ್ಪಳಿಸುತ್ತಿರುವ, ಮೈತುಂಬ ಗರಿ ಬಂದಿರುವ, ಮೊಂಡು ಬಾಲದ ಮರಿ ಅನಾಥವಲ್ಲ. ಹಾರಲು ಕಲಿಯುತ್ತಿದೆ, ತಾಯಿ ಹತ್ತಿರದಲ್ಲೇ ಇದೆ. ಬೆಕ್ಕು, ನಾಯಿಗಳನ್ನು ದೂರವಿಟ್ಟು ನೀವೂ ದೂರ ಸರಿಯಿರಿ. ಗರಿಯಿಲ್ಲದ ಮರಿಯಾದರೆ ಮೆಲ್ಲಗೆ ಗೂಡಿಗೆ ಮರಳಿಸಿ. ಮನುಷ್ಯರು ಮುಟ್ಟಿದ ವಾಸನೆಗೆ ತಾಯಿ ಬಿಟ್ಟುಬಿಡುತ್ತದೆ ಎಂಬ ನಂಬಿಕೆ ನಿಜವಲ್ಲ. ಗಾಯಗೊಂಡ ಹಕ್ಕಿಯ ಬಾಯಿಗೆ ನೀರು ಹನಿಸಬೇಡಿ, ಅದು ಶ್ವಾಸನಾಳಕ್ಕೆ ಇಳಿಯುವುದುಂಟು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಟ್ಟು ಬಲ್ಲವರ ಬಳಿಗೆ ಒಯ್ಯಿರಿ.

ಪ್ರಶ್ನೆ: ಕೆಲಸ ಮುಗಿದ ಮೇಲೂ ನಿಧಿಯಲ್ಲಿ ಸ್ವಲ್ಪ ಹಣ ಉಳಿದಿದೆ. ಬೇರೆ ಕೆಲಸಕ್ಕೆ ಬಳಸಬಹುದೇ?

ಕೊಟ್ಟವರನ್ನು ಕೇಳಿ ಬಳಸಬಹುದು. ಇನ್ನೆಷ್ಟು ಉಳಿದಿದೆ, ಯಾವ ಕೆಲಸಕ್ಕೆ ತಿರುಗಿಸಬೇಕೆಂದಿದ್ದೀರಿ, ಒಪ್ಪದವರು ತಮ್ಮ ಪಾಲನ್ನು ಯಾವ ದಿನಾಂಕದೊಳಗೆ ಮರಳಿ ಕೇಳಬಹುದು ಎಂಬ ಮೂರು ಸಂಗತಿಗಳನ್ನು ಬರೆದು ಎಲ್ಲ ದಾನಿಗಳಿಗೂ ಕಳಿಸಿ. ಮುಂದಿನ ಬಾರಿ ಈ ಷರತ್ತನ್ನು ರಸೀದಿಯ ಹಿಂಬದಿಯಲ್ಲೇ ಅಚ್ಚು ಹಾಕಿಸಿದರೆ ಮತ್ತೆ ಕೇಳುವ ಅಗತ್ಯ ಬೀಳುವುದಿಲ್ಲ. ಮರಳಿ ಕೇಳುವವರು ಬಹಳ ಕಡಿಮೆ. ನನ್ನ ಅನುಭವದಲ್ಲಿ ಆ ಪತ್ರ ಓದಿ ಇನ್ನಷ್ಟು ಕಳಿಸಿದವರೇ ಹೆಚ್ಚು.